ಮಣಿ ಜಾರುವ ಜಾಗ

"ಗಡಿಬಿಡೀ, ಎಲ್ಲಾ ಹಾಳು ಮಾಡಿದೆಯಲ್ಲೇ!"

ಕ್ಲಾಸ್ ಲೀಡರ್ ಎರಡು ಮಣಿಸರಗಳನ್ನು ಎತ್ತಿ ಹಿಡಿದಳು. ಒಂದು ಸೈನ್ಸ್ ಮಿಸ್ ಪೋಣಿಸಿದ್ದು, ಇನ್ನೊಂದು ಬೆಂಚಿನ ಕೊನೆಯಲ್ಲಿ ಕೂತ, ಎಲ್ಲರೂ ಗಡಿಬಿಡಿ ಅಂತಲೇ ಕರೆಯುವ ಹುಡುಗಿಯದು. ಎರಡೂ ಒಂದೇ ಥರ ಇರಬೇಕಿತ್ತು. ಇರಲಿಲ್ಲ.

ಆಟವೇನೋ ಸುಲಭದ್ದೇ. ಮಿಸ್ ನಾಲ್ಕು ಬಣ್ಣದ ಮಣಿ ಪೋಣಿಸಿ ಕೊಟ್ಟಿದ್ದರು. ಅದನ್ನು ನೋಡಿ ಲೀಡರ್ ಒಂದು ಸರ ಮಾಡಬೇಕು, ಅವಳದನ್ನು ನೋಡಿ ಪಕ್ಕದವನು, ಹೀಗೇ ಬೆಂಚಿನ ಕೊನೆಯವರೆಗೆ. ನಮ್ಮ ಮೈಯ ಜೀವಕೋಶದಲ್ಲೂ ಇಂಥದ್ದೊಂದು ಉದ್ದನೆಯ ಸರ ಇದೆ, ಡಿಎನ್‌ಎ ಅಂತ. ಕೋಶ ಎರಡಾಗುವಾಗಲೆಲ್ಲ ಅದು ಕಾಪಿ ಆಗುತ್ತೆ ಅಂದಿದ್ದರು.

"ಮಿಸ್, ನಾಳೆ ಎಕ್ಸಿಬಿಷನ್‌ಗೆ ಇವಳು ಬೇಡ," ಅಂದಳು ಲೀಡರ್.

"ನೋಡೋಣ ಇರು," ಅಂತ ಮಿಸ್ ಇನ್ನೊಂದು ಬೆಂಚಿನ ಕಡೆ ಹೋದರು.

ಗಡಿಬಿಡಿ ಎರಡೂ ಸರಗಳನ್ನು ಲೀಡರ್ ಕೈಯಿಂದ ತೆಗೆದುಕೊಂಡಳು. ಎಕ್ಸಿಬಿಷನ್ನಿಗೆ ಬಾ ಅಂತ ಅಜ್ಜಿಗೆ ಆಗಲೇ ಹೇಳಿಯಾಗಿತ್ತು. ಎಲ್ಲರೂ ನೋಡಿದ್ದು ಕೊನೆಯ ಸರವನ್ನು ಮಾತ್ರ. ಸಿಕ್ಕಿಬಿದ್ದವಳೇ ಕಳ್ಳಿ ಅನ್ನೋ ಹಾಗಾಯಿತು.

ಅವಳು ಮಿಸ್ ಸರವನ್ನು ಮೇಲಿಟ್ಟು, ಎಲ್ಲರ ಸರಗಳನ್ನೂ ಕೂತಿದ್ದ ಕ್ರಮದಲ್ಲೇ ಒಂದರ ಕೆಳಗೊಂದು ಹಾಸಿದಳು.

"ಏನೇ, ಅಂಗಡಿ ಇಡ್ತೀಯಾ?" ಅಂದ ಅವಳ ಪಕ್ಕದ ಹುಡುಗ.

"ಸುಮ್ನಿರೋ. ಇಲ್ಲಿ ನೋಡು."

ಹಸಿರು, ನೀಲಿ, ಹಳದಿ ಬೆರೆತು ಬಂದ ಕಡೆ ಸರಗಳೆಲ್ಲ ಒಂದೇ. ಕಷ್ಟ ಅಂತ ಎಲ್ಲರೂ ಹುಷಾರಾಗಿದ್ದರು. ಬರೀ ಕೆಂಪು ಮಣಿಗಳೇ ಸಾಲಾಗಿ ಬಂದ ಕಡೆ ಮಾತ್ರ ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು. ಗಡಿಬಿಡಿಯೂ ಅಲ್ಲೇ ತಪ್ಪಿದ್ದಳು. ಆದರೆ ಎಲ್ಲರಿಗಿಂತ ಮೊದಲು ಅಲ್ಲಿ ಒಂದು ಮಣಿ ಬಿಟ್ಟವಳು ಲೀಡರ್.

ಮಿಸ್ ಬಂದು ಬಗ್ಗಿ ನೋಡಿದರು. "ಅರೆ! ಡಿಎನ್‌ಎಯಲ್ಲೂ ಹೀಗೇ ಕಣ್ರೋ. ತಪ್ಪು ಎಲ್ಲಾ ಕಡೆ ಒಂದೇ ಸಮ ಆಗಲ್ಲ. ಒಂದೇ ಥರದ್ದು ಸಾಲಾಗಿ ಬಂದ್ರೆ ಅಲ್ಲಿ ಜಾರೋದು ಜಾಸ್ತಿ. ಬೇರೆ ಎಷ್ಟೋ ಕಡೆ ತುಂಬಾ ಅಪರೂಪ. ನಾಳೆ ಇವನ್ನ ಹೀಗೇ ಇಡೋಣ. ಗಡಿಬಿಡಿ, ಬಂದವರಿಗೆ ನೀನೇ ಹೇಳು."

ಮಿಸ್ ಅತ್ತ ಹೋಗುತ್ತಲೇ ಲೀಡರ್ ತನ್ನ ಸರವನ್ನು ಮೆಲ್ಲಗೆ ಮುಷ್ಟಿಯೊಳಗೆ ಎಳೆದುಕೊಂಡಳು.

"ಇದೊಂದು ಬೇಡ ಕಣೇ. ಎಲ್ರೂ ನಗ್ತಾರೆ."

ಗಡಿಬಿಡಿ ಅವಳ ಮುಖ ನೋಡಿದಳು. ಮೊದಲು ತಪ್ಪಿದ್ದೇ ನೀನು ಅಂತ ನಾಲಿಗೆಯ ತುದಿಗೆ ಬಂದಿದ್ದ ಮಾತು ಅಲ್ಲೇ ನಿಂತಿತು.

"ಇಡು ಪರವಾಗಿಲ್ಲ," ಅಂದಳು. "ಯಾವುದು ಯಾರದು ಅಂತ ಹೆಸರು ಬರೆಯೋದು ಬೇಡ."

ಲೀಡರ್ ಮುಷ್ಟಿ ಬಿಚ್ಚಿದಳು.