ಕೊಡದ ಕರೆಂಟು

ಊರ ಮುಂದಿನ ರಸ್ತೆಯಲ್ಲೇ ಚಂದ್ರಕುಮಾರ್ ಚಾಮುಂಡಿಯ ಚೀಲ ಸುರಿಸಿದ್ದ. ಪುಣಜನೂರಿನ ಅವನ ಬಾಳೆತೋಟಕ್ಕೆ ಕೂಲಿಗೆ ಹೋಗಿದ್ದ ಅವಳು ಒಂದು ಚಿಪ್ಪು ಬಾಳೆಕಾಯಿ ಕದ್ದಳೆಂದು ಅನುಮಾನ. ಚೀಲದಿಂದ ಉರುಳಿದ್ದು ಖಾಲಿ ಬುತ್ತಿಡಬ್ಬಿ. ಜನ ನಕ್ಕರು. ಅವಳು ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸೇಡು ತೀರಿಸಿಕೊಳ್ಳಬೇಕೆಂದು ಗಂಡ ರಂಗನಾಯಕ ಆಗಲೇ ತೀರ್ಮಾನಿಸಿಬಿಟ್ಟ.

ದಾರಿ ಅವನ ಕೈಯಲ್ಲೇ ಇತ್ತು. ಗುಂಡ್ಲುಪೇಟೆಯ ಕಂಪನಿಯೊಂದಕ್ಕೆ ಅವನು ಡ್ರೋನ್ ಹಾರಿಸುತ್ತಿದ್ದ. ಕಾಡಂಚಿನ ಕಂಬಗಳಲ್ಲಿ, ಆನೆ ಕಂಡರೆ ಕೂಗುವ ಸೈರನ್ನುಗಳಿದ್ದವು. ಮರಗಳ ನೆರಳಿನಲ್ಲಿ ಸೋಲಾರ್ ನಡೆಯದು. ತಂತಿ ಎಳೆದರೆ ಆನೆ ಉಳಿಸದು. ಹಾಗಾಗಿ ಡ್ರೋನ್ ಕಂಬದ ನೆತ್ತಿಯ ಮೇಲೆ ನಿಂತು, ತಂತಿಯಿಲ್ಲದೆ ಗಾಳಿಯಲ್ಲೇ ಸೈರನ್ನಿಗೆ ಕರೆಂಟು ಇಳಿಸಿ ಬರುತ್ತಿತ್ತು.

ಅವನ ಲೆಕ್ಕ ಇಷ್ಟೇ: ಚಂದ್ರಕುಮಾರನ ತೋಟದ ಕಂಬಕ್ಕೂ ಅದು ಎಂದಿನಂತೆ ಹೋಗುತ್ತದೆ, ಎಂದಿನಷ್ಟೇ ಹೊತ್ತು ನಿಲ್ಲುತ್ತದೆ. ಅವನು ಕರೆಂಟಿನ ಸ್ವಿಚ್ಚು ಮಾತ್ರ ಒತ್ತುವುದಿಲ್ಲ. ಅಲ್ಲಿ ಸಿಗ್ನಲ್ ಇಲ್ಲ, ಕಂಬದ ಕರೆಂಟು ಮುಗಿದದ್ದು ಆಫೀಸಿಗೆ ತಿಳಿಯದು. ಹಾರಾಟವನ್ನು ಊರೇ ನೋಡಿರುತ್ತದೆ. ಆನೆ ಬಂದರೆ ಬೈಗುಳವೆಲ್ಲ ಯಂತ್ರಕ್ಕೆ. ಹಾಗೆಯೇ ಮಾಡಿದ.

ವಾರ ಕಳೆಯುವುದರೊಳಗೆ, ಒಂದು ಮುಸ್ಸಂಜೆ ಆನೆಗಳು ನುಗ್ಗಿದವು. ಸೈರನ್ ಕೂಗಲಿಲ್ಲ. ತೋಟ ನೆಲಸಮ. ಆದರೆ ದನಕ್ಕೆ ಬಾಳೆಸೊಪ್ಪು ತರಲು ಹೋಗಿದ್ದ ಚಂದ್ರಕುಮಾರನ ತಾಯಿ ಮೂಗಮ್ಮ ಓಡುವಾಗ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅವಳನ್ನು ಚಾಮರಾಜನಗರದ ಆಸ್ಪತ್ರೆಗೆ ಸಾಗಿಸಿದರೆಂದು ರಂಗನಾಯಕನಿಗೆ ರಾತ್ರಿ ತಿಳಿಯಿತು. ಮನುಷ್ಯರು ಅವನ ಲೆಕ್ಕದಲ್ಲೇ ಇರಲಿಲ್ಲ.

ಬೆಳಿಗ್ಗೆ ಕಂಪನಿಯ ಮೇಲ್ವಿಚಾರಕ ಮಾದೇಶ ಬಂದ. ಡ್ರೋನಿನ ಶೆಡ್ಡಿನ ಮುಂದೆ ಊರವರು ರೇಗಾಡುತ್ತಿದ್ದರು. ಅವರನ್ನು ತಡೆದವನು ಚಂದ್ರಕುಮಾರನೇ.

"ರಂಗಣ್ಣುಂದೇನೂ ತಪ್ಪಿಲ್ಲ ಕಣ್ರಪ್ಪ. ನೆನ್ನೆ ಸಂಜೇಲೂ ಕಂಬದ ಮ್ಯಾಲೆ ಡ್ರೋನ್ ನಿಲ್ಸಿದ್ದ, ನಾನೇ ನೋಡಿವ್ನಿ. ನಮ್ಮವ್ವ ಅದ್ನ ನಂಬ್ಕಂಡೇ ಓಗಿದ್ಲು." ಆಮೇಲೆ ದನಿ ತಗ್ಗಿಸಿ ರಂಗನಾಯಕನ ಕೈ ಹಿಡಿದ. "ಅವತ್ತು ನಿನ್ ಎಡ್ತಿ ಚೀಲ ಸುರ್ಸ್ಬುಟ್ಟೆ. ತಪ್ಪಾಯ್ತು, ಒಟ್ಟೆಗಾಕ್ಕಳಪ್ಪ."

ರಂಗನಾಯಕನಿಗೆ ತಲೆ ಎತ್ತಲಾಗಲಿಲ್ಲ. ಕೈ ಬಿಡಿಸಿಕೊಂಡರೆ ಸಾಕಾಗಿತ್ತು.

"ಮೊದ್ಲು ಆ ಕಂಬಕ್ಕೆ ಕರೆಂಟು ಕೊಡನ, ನಡಿ" ಎಂದ ಮಾದೇಶ. ರಂಗನಾಯಕ ಶೆಡ್ಡಿಗೆ ಓಡಿದ. ಡ್ರೋನಿಗೆ ಬ್ಯಾಟರಿ ಎರಡು: ಹಾರಲು ಒಂದು, ಕಂಬಕ್ಕೆ ಕೊಡಲು ಇನ್ನೊಂದು. ಹಿಂದಿನ ಸಂಜೆಯಿಂದ ಡ್ರೋನಿನಲ್ಲೇ ಇದ್ದ, ಕೊಡುವ ಬ್ಯಾಟರಿಯನ್ನು ಅಭ್ಯಾಸಬಲದಿಂದ ತೆಗೆದು, ಎಲ್ಲರೆದುರೇ ಚಾರ್ಜರಿಗೆ ಸಿಕ್ಕಿಸಿದ. ಕೊಟ್ಟು ಬಂದ ಬ್ಯಾಟರಿಗೆ ಕೆಂಪು ದೀಪ ಹತ್ತಬೇಕು. ಹತ್ತಿದ್ದು ಹಸಿರು. ಚಂದ್ರಕುಮಾರನ ಕಂಬದಿಂದ ಬಂದಾಗೆಲ್ಲ ಈ ವಾರ ಹಸಿರೇ ಹತ್ತುತ್ತಿತ್ತು. ಚಾರ್ಜು ಮಾಡುವ ಕೆಲಸ ಕಮ್ಮಿಯಾಯಿತೆಂದಷ್ಟೇ ಅವನು ಅಂದುಕೊಂಡಿದ್ದ. ಮಾದೇಶ ದೀಪವನ್ನೂ ಅವನನ್ನೂ ನೋಡಿದ. "ನೆನ್ನೆ ಕೊಟ್ಟೆ ಅಂತಾರಲ್ಲ, ಇದು ತುಂಬ್ಕಂಡೇ ಅದಲ್ಲ ರಂಗ?" ಹಿಂದೆ ನಿಂತಿದ್ದ ಚಂದ್ರಕುಮಾರ್, ರಂಗನಾಯಕನ ಕೈ ಹಿಡಿದಿದ್ದ ತನ್ನ ಕೈಯನ್ನು ಪಂಚೆಗೆ ಒರೆಸಿಕೊಂಡ.