ಬೀಗರ ಪದಕ್ಕೆ ಬಂದ ನೋಟಿಸು

ದಾಸಮ್ಮ ಹಸಿರು ಅಂಚಿನ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಎಲೆ ಅಡಿಕೆ ತುಂಬಿಕೊಳ್ಳಲು ಮಡಿಲು ಸರಿಮಾಡಿಕೊಳ್ಳುತ್ತಿದ್ದ ಹೊತ್ತಿಗೆ ಸರಿಯಾಗಿ ಮಗ ಅಶ್ವತ್ಥ ಬಾಗಿಲಲ್ಲಿ ಬಂದು ನಿಂತ. ಬೆಳಗಿನ ಹತ್ತು ಗಂಟೆ. ಮಧುಗಿರಿಯ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿರಬೇಕಾದವನು ಬಸ್ಸು ಹಿಡಿದು ಊರಿಗೆ ವಾಪಸು ಬಂದಿದ್ದ. ಒಳಗೆ, ಶಾಲೆಗೆ ರಜೆ ಹಾಕಿದ್ದ ಸೊಸೆ ಯಶೋಧರಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳು ಬೆಳಗಿನಿಂದ ಏನೋ ಹೇಳಲು ಬಂದು ಬಂದು ನುಂಗಿಕೊಂಡಿದ್ದಳು.

"ಎಲ್ಲಿಗವ್ವಾ ಈ ಸಿಂಗಾರ?"

"ಇನ್ನೆಲ್ಲಿಗ್ಲಾ? ನಿಮ್ ಸಾಹೇಬ್ರು ಕಾಗದ ಕಳ್ಸವ್ರಲ್ಲ, ಬಾ ಅಂತ! ಪದ ಹಾಡ್ಸ್ಕಂಡ ಬೀಗ್ರು ತಾಂಬೂಲ ಕೊಡದೆ ಇರಕ್ಕಾಯ್ತದಾ? ತಡವಾಗಾದ್ರೂ ಬುದ್ಧಿ ಬಂತು ಬುಡು. ಒಂದು ಸೀರೇನೂ ಕೊಟ್ಟಾರು."

ಅಶ್ವತ್ಥ ನಗಲು ಹೋದ, ಬಂದದ್ದು ಅಳು. ಹೊಸ್ತಿಲ ಮೇಲೆ ಕುಸಿದು ಕೂತ.

"ಅವ್ವಾ... ಅದು ತಾಂಬೂಲದ ಕಾಗದ ಅಲ್ಲ ಕಣವ್ವಾ... ನೋಟಿಸು! ನೀನು ಹಾಡಿದ್ದಕ್ಕೆ ಕೇಸು ಹಾಕ್ತೀವಿ ಅಂತ ಬರ್ದವ್ರೆ!"

ದಾಸಮ್ಮನ ಕೈ ಮಡಿಲಲ್ಲೇ ನಿಂತುಬಿಟ್ಟಿತು. ಹಾಡಿದ್ದಕ್ಕೆ ಕೇಸೇ? ಅರುವತ್ತೆರಡು ವರ್ಷದ ಬದುಕಿನಲ್ಲಿ ಅವಳು ಕೇಳದ ಮಾತು ಅದು.

ಅವಳ ತಿಳಿವಳಿಕೆಯಲ್ಲಿ ತಪ್ಪೇನಿತ್ತು ಹೇಳಿ! ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಬೀಗರ ಪದದಲ್ಲಿ ಉಗಿಯುತ್ತಾರೆ. ಬೀಗನ ಹೊಟ್ಟೆ, ಬೀಗಿತ್ತಿಯ ಜಿಪುಣತನ, ಮದುಮಗನ ಗೊರಕೆ, ಯಾವುದನ್ನೂ ಬಿಡುವುದಿಲ್ಲ. ಉಗಿಸಿಕೊಂಡವರು ನಕ್ಕು, ಹಾಡಿದವಳ ಮಡಿಲಿಗೆ ತಾಂಬೂಲ ಹಾಕಬೇಕು. ಸಿಟ್ಟಾದನೋ, ಅವನು ಸೋತ ಹಾಗೆ. ಆ ಪದದಲ್ಲಿ ದಾಸಮ್ಮನನ್ನು ಮೀರಿಸುವವರು ದೊಡ್ಡೇರಿ ಕಡೆ ಯಾರೂ ಇರಲಿಲ್ಲ. ಶಿರಾದಿಂದ ಕರೆಯುತ್ತಿದ್ದರು, ಹೊಳವನಹಳ್ಳಿಯಿಂದ ಕರೆಯುತ್ತಿದ್ದರು. ಪಾವಗಡದ ಕಡೆ ಹೋದರೆ ನಡುನಡುವೆ ನಾಲ್ಕು ತೆಲುಗು ಮಾತು ಸೇರಿಸಿ ಅಲ್ಲಿನವರನ್ನೂ ನಗಿಸಿ ಬರುತ್ತಿದ್ದಳು. ಧಾರೆಯ ಸೋಬಾನೆಗೂ ಅವಳೇ ಬೇಕು. ಮುಂದಿನ ಸೊಲ್ಲು ಅವಳದು, ಅದನ್ನೇ ತಿರುಗಿ ಹೇಳುವ ಹಿಂದಿನ ಸೊಲ್ಲು ಗೆಳತಿ ಮಾರಕ್ಕನದು.

ಹೋದ ತಿಂಗಳು ಅವಳ ಊರಿನ ಶುದ್ಧ ನೀರಿನ ಘಟಕಕ್ಕೆ ಮೂರನೆಯ ಸಲ ಉದ್ಘಾಟನೆಯಾಯಿತು. ಹೌದು, ಮೂರನೆಯ ಸಲ! ಒಂದೇ ಘಟಕ, ಒಂದೇ ನಲ್ಲಿ, ರಿಬ್ಬನ್ನು ಮಾತ್ರ ಹೊಸದು. ಎರಡು ವರ್ಷದಲ್ಲಿ ಅದರಿಂದ ಒಂದು ಹನಿ ಬಿದ್ದಿರಲಿಲ್ಲ. ಫ್ಲೋರೈಡಿನ ಕೊಳವೆಬಾವಿ ನೀರು ಕುಡಿದು ದಾಸಮ್ಮನ ಏಳು ವರ್ಷದ ಮೊಮ್ಮಗಳ ಹಲ್ಲು ಕಂದುಗಟ್ಟಿದ್ದವು. ಮಗು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿತಿತ್ತು. ಅಂಥ ಊರಿಗೆ ಅಶ್ವತ್ಥನ ಸಾಹೇಬರೂ ಸೇರಿ ದೊಡ್ಡವರು ಬಂದರು. ಅದು ಯಾವ ಇಲಾಖೆ ಎಂದು ಹೆಸರು ಹೇಳಿದರೆ ಈ ಕಥೆಗೂ ನೋಟಿಸು ಬಂದೀತು, ಬೇಡ ಬಿಡಿ. "ಕಳಶ ಹಿಡಿದು, ಪದ ಹಾಡಿ ಬರಮಾಡ್ಕೊಳ್ರಿ" ಎಂದು ಹೆಂಗಸರಿಗೆ ಹೇಳಿದವರೂ ಅವರೇ. ಕಳಶ ಹಿಡಿದು ಕರೆದ ಮೇಲೆ ಬಂದವರು ಬೀಗರಲ್ಲವೇ? ದಾಸಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಶುರುಮಾಡಿಯೇಬಿಟ್ಟಳು:

"ಮೂರು ಸಲ ಬಂದ್ರಲ್ಲ ಬೀಗರೆ, ಮೂರು ಹಾರ ಹಾಕ್ಸ್ಕಂಡ್ರಲ್ಲ ಬೀಗರೆ,
ರಿಬ್ಬನ್ನು ಕತ್ತರಿಸಿ ನಿಂತ್ರಲ್ಲ ಬೀಗರೆ, ನೀರೆಲ್ಲಿ ಬಚ್ಚಿಟ್ರಿ ಬೀಗರೆ?
ನಮ್ಮ ಮಕ್ಕಳ ಹಲ್ಲೆಲ್ಲ ಕಂದಾಯ್ತು ಬೀಗರೆ, ನಿಮ್ಮ ಬಾಟ್ಲಿ ನೀರು ತಣ್ಣಗೈತೆ ಬೀಗರೆ!"

ಊರು ಬಿದ್ದು ಬಿದ್ದು ನಕ್ಕಿತು. ಬಂದವರೂ ಹಲ್ಲು ಕಿರಿದು ಕಾರು ಹತ್ತಿದರು. ಪಕ್ಕದೂರಿನ ಶಾಲೆಯಲ್ಲಿ ಪಾಠ ಹೇಳುವ ಯಶೋಧರಾ ಅದನ್ನು ಫೋನಿನಲ್ಲಿ ಹಿಡಿದು, ಅತ್ತೆಯ ಮೇಲಿನ ಹೆಮ್ಮೆಗೆ ಫೇಸ್‌ಬುಕ್ಕಿಗೆ ಹಾಕಿದಳು. ಎರಡು ದಿನದಲ್ಲಿ ನಾಲ್ಕು ಲಕ್ಷ ಜನ ನೋಡಿದರು! ಶಿರಾದ ಕಡ್ಲೆಕಾಯಿ ಮಂಡಿಯಲ್ಲಿ ಹಮಾಲರು ಮೂಟೆ ಹೊರುತ್ತಾ ಹಾಡಿದರು. ಕೊರಟಗೆರೆಯ ಯಾರೋ ತಮ್ಮೂರ ಆಸ್ಪತ್ರೆಯ ಮೇಲೆ ಇನ್ನೆರಡು ಸಾಲು ಕಟ್ಟಿದರು.

ಮೂರನೆಯ ದಿನ ಬೆಳಿಗ್ಗೆ ಫೇಸ್‌ಬುಕ್ಕಿನಲ್ಲಿ ಹಾಡು ಇದ್ದ ಜಾಗದಲ್ಲಿ ಬೂದು ಬಣ್ಣದ ಚೌಕ. 'ಕಾನೂನಿನ ಬೇಡಿಕೆಯ ಮೇರೆಗೆ ಈ ವಿಡಿಯೊ ನಿಮ್ಮ ದೇಶದಲ್ಲಿ ಲಭ್ಯವಿಲ್ಲ' ಎಂದು ಯಶೋಧರಾ ಓದಿ ಹೇಳಿದಳು.

"ನಮ್ ದೇಸದಾಗೆ ಇಲ್ಲ ಅಂದ್ರೆ ಇನ್ಯಾವ್ ದೇಸದಾಗೈತೆ?" ಎಂದು ಕೇಳಿದಳು ದಾಸಮ್ಮ.

"ಅಮೆರಿಕದಲ್ಲಿ ಕಾಣುತ್ತಂತೆ ಅತ್ತೆ."

"ಅಯ್ಯೋ ನನ್ ಕರ್ಮವೇ! ಅಮೆರಿಕದೋರು ನೋಡಿ ಏನ್ಮಾಡ್ತಾರೆ? ಅವ್ರು ಬಂದು ನಮ್ ನಲ್ಲಿ ರಿಪೇರಿ ಮಾಡ್ತಾರಾ?"

ಜನ ಸುಮ್ಮನಾಗಲಿಲ್ಲ. ಹಾಡನ್ನು ಫೋನಿನಲ್ಲಿ ಉಳಿಸಿಕೊಂಡಿದ್ದವರು ವಾಟ್ಸಾಪಿನಲ್ಲಿ ಕಳಿಸಿದರು, ಸ್ಟೇಟಸ್ಸಿಗೆ ಹಾಕಿದರು. 'ಕಳಿಸಿದವರ ಮೇಲೂ ಕ್ರಮ' ಎಂಬ ಎಚ್ಚರಿಕೆ ಗುಂಪು ಗುಂಪಿಗೂ ಬಂತು. ಆ ಎಚ್ಚರಿಕೆಯ ಕೆಳಗೇ ಹಾಡನ್ನು ಹಾಕಿದ ಗಟ್ಟಿಗರೂ ಇದ್ದರು. ನೀರು ಕೊಡಲು ಎರಡು ವರ್ಷ ಸಾಲದಿದ್ದವರಿಗೆ ಹಾಡು ಅಳಿಸಲು ಮೂರೇ ದಿನ ಸಾಕಾಯಿತಲ್ಲ ಎಂದು ಬಸ್ಸು, ಹೋಟೆಲಿನಲ್ಲೆಲ್ಲ ಅದೇ ಮಾತು. ಊರು ಹೀಗೆ ಕೊತಕೊತ ಕುದಿಯುವಾಗಲೇ ದಾಸಮ್ಮನಿಗೆ ಕಾಗದ ಬಂದಿತ್ತು. ಓದಿದ ಯಶೋಧರಾ 'ಕಚೇರಿಗೆ ಬರಬೇಕಂತೆ' ಎಂದಷ್ಟೇ ಅತ್ತೆಗೆ ಹೇಳಿದ್ದಳು.

"ಅವ್ವಾ, ಹನ್ನೊಂದು ವರ್ಷದಿಂದ ಹೊರಗುತ್ತಿಗೆ ಕೂಲಿಯಂಗೆ ಆ ಕಚೇರೀಲಿ ದುಡಿದಿವ್ನಿ," ಅಶ್ವತ್ಥ ತಾಯಿಯ ಪಾದದ ಮೇಲೆ ಕೈ ಇಟ್ಟ. "ಈ ಸಲ ಕಾಯಂ ಪಟ್ಟೀಲಿ ನನ್ನ ಹೆಸರೈತೆ. 'ನಿಮ್ಮವ್ವ ಕ್ಯಾಮೆರಾ ಮುಂದೆ ತಪ್ಪಾಯ್ತು ಅಂದ್ರೆ ಸರಿ, ಇಲ್ದಿದ್ರೆ ಪಟ್ಟಿಯಿಂದ ಹೆಸರು ತೆಗೀತೀನಿ, ಕೆಲಸಕ್ಕೂ ಬರೋದು ಬೇಡ' ಅಂತಾರೆ ಸಾಹೇಬ್ರು. ಎರಡು ನಿಮಿಷದ ಮಾತು ಕಣವ್ವಾ... ನನ್ನ ಮಗೀನ ಮಖ ನೋಡವ್ವಾ!"

"ಮಗುವಿನ ಮುಖ ನೋಡಿಯೇ ಅತ್ತೆ ಹಾಡಿದ್ದು!" ಯಶೋಧರಾ ಒಳಗಿನಿಂದ ಕಿಡಿಯಾಗಿ ಬಂದಳು. "ಅವಳ ಹಲ್ಲು ನೋಡಿದೀರಾ ನೀವು? ವಿಡಿಯೊ ಹಾಕಿದ್ದು ನಾನು. ಬೇಕಾದ್ರೆ ನನ್ನ ಕರೀಲಿ!"

"ಸುಮ್ನಿರೇ! ನಿನ್ನಿಂದ್ಲೇ ಮನೆ ಹಾಳಾಗಿರೋದು!"

ದಾಸಮ್ಮ ಸೊಸೆಯ ಕೈ ಹಿಡಿದು ತಡೆದಳು. ಎದೆಯೊಳಗೆ ಬೆಂಕಿಯಿತ್ತು, ಆದರೆ ಕಾಲ ಬುಡದಲ್ಲಿ ಅಳುತ್ತಿದ್ದವನು ಹೆತ್ತ ಮಗ. ಏನು ಮಾಡಿಯಾಳು? ಅದೇ ಸೀರೆಯಲ್ಲೇ ಮಗನ ಹಿಂದೆ ಬಸ್ಸು ಹತ್ತಿದಳು.

ಕಚೇರಿಯಲ್ಲಿ ಅವಳಿಗೆ ಕುರ್ಚಿ ಕೊಡಲಿಲ್ಲ. "ಸುಳ್ಳು ಸುದ್ದಿ ಹರಡೋದು ಅಪರಾಧ, ಗೊತ್ತೇನಜ್ಜಿ?" ಎಂದರು ಸಾಹೇಬರು.

"ಸುಳ್ಳಾ? ಈಗ್ಲೇ ಬನ್ನಿ ಸಾಮಿ ನಮ್ಮೂರಿಗೆ. ಆ ನಲ್ಲಿ ತಿರುಗ್ಸಿ. ಒಂದು ಹನಿ ಬಿದ್ರೆ ನನ್ನ ನಾಲ್ಗೆ ಕುಯ್ದು ನಿಮ್ ಮೇಜಿನ ಮೇಲೆ ಇಡ್ತೀನಿ!"

"ನೀರು ಬರುತ್ತೋ ಇಲ್ಲವೋ ಅದು ಬೇರೆ ವಿಷಯ. ವಿಡಿಯೊ ಬಂತಲ್ಲ, ಅದು ಈಗಿನ ವಿಷಯ!"

ದಾಸಮ್ಮ ಮಗನತ್ತ ನೋಡಿದಳು. ಅವನು ನೆಲ ನೋಡುತ್ತಿದ್ದ.

ಅವಳಿಗೆ ಓದು ಬಾರದು. ಆದ್ದರಿಂದ ಟೈಪು ಮಾಡಿದ ಹಾಳೆಯನ್ನು ಅಶ್ವತ್ಥನ ಕೈಗೇ ಕೊಟ್ಟರು. ಒಬ್ಬ ನೌಕರ ಫೋನು ಹಿಡಿದ. ಅವನ ಹಿಂದೆ ನಿಂತು ಮಗ ಒಂದೊಂದೇ ಸಾಲು ಮೆಲ್ಲಗೆ ಹೇಳಿಕೊಡಬೇಕು, ತಾಯಿ ಅದನ್ನು ಹೇಳಬೇಕು. ನಮ್ಮೂರಿಗೆ ಶುದ್ಧ ನೀರು ಚೆನ್ನಾಗಿ ಬರುತ್ತಿದೆ ಎಂದ, ಹೇಳಿದಳು. ಯಾರದೋ ಮಾತು ಕೇಳಿ ಹಾಡಿದೆ ಎಂದ, ಹೇಳಿದಳು. ಕ್ಯಾಮೆರಾ ನೋಡು ಅಂದರೂ ಅವಳ ಕಣ್ಣು ಮಗನ ಮುಖ ಬಿಟ್ಟು ಕದಲಲಿಲ್ಲ. ಆಮೇಲೆ ಅವನು ಇನ್ನೂ ತಗ್ಗಿದ ದನಿಯಲ್ಲಿ ಕೊನೆಯ ಸಾಲು ಹೇಳಿದ.

"ಇನ್ನೊಂದ್ಸಲ ಹೇಳಪ್ಪಾ," ಎಂದಳು ದಾಸಮ್ಮ. ಕೇಳಿಸಿತ್ತು. ಹೊಟ್ಟೆಯಲ್ಲಿ ಹುಟ್ಟಿದವನು ಹೇಳಿದನೆಂದು ನಂಬಲಾಗಲಿಲ್ಲ, ಅಷ್ಟೇ.

ಅಶ್ವತ್ಥ ಗಂಟಲು ಸರಿಮಾಡಿಕೊಂಡು ಜೋರಾಗಿಯೇ ಹೇಳಿದ: "ನಾನು ಸುಳ್ಳಿ. ನನ್ನನ್ನು ಕ್ಷಮಿಸಿ."

"ನಾನು ಸುಳ್ಳಿ," ಎಂದಳು ಅವ್ವ. "ನನ್ನ ಕ್ಷಮ್ಸಿ..."

ಆ ವಿಡಿಯೊವನ್ನು ಯಾರೂ ಅಳಿಸಲಿಲ್ಲ! ಅದು ದೇಶದಲ್ಲೆಲ್ಲ ಲಭ್ಯವಿತ್ತು. ಸಾಹೇಬರು ಖುಷಿಯಿಂದ ಹಂಚಿದರು. ಜನ ಕಿವಿಗೊಟ್ಟು ಕೇಳಿದರು. ಮುದುಕಿಗಿಂತ ಮೊದಲು ಇನ್ನೊಂದು ದನಿ ಬರುತ್ತದಲ್ಲ, ಅದು ಯಾರದು? ಊರಿನವರಿಗೆ ಗುರುತು ಹತ್ತಲು ಎಷ್ಟು ಹೊತ್ತು! 'ಹೆತ್ತವ್ವನ ಬಾಯಲ್ಲಿ ಸುಳ್ಳಿ ಅನ್ನಿಸಿದ ಮಗ' ಎಂದು ಸಾವಿರಾರು ಜನ ಬರೆದರು, ಹೇಳಿಸಿದವರಿಗೆ ಅದಕ್ಕಿಂತ ಕೆಟ್ಟದ್ದನ್ನು ಬರೆದರು. ಕಚೇರಿಯವರು ಕಮೆಂಟೇ ಬರದಂತೆ ಮುಚ್ಚಿದರು. ಅಶ್ವತ್ಥನ ಹೆಸರು ಮಾತ್ರ ಪಟ್ಟಿಯಲ್ಲಿ ಉಳಿಯಿತು. ಸೋಮವಾರ ಆದೇಶ ಕೊಡುತ್ತೇವೆ ಎಂದರು.

ಮನೆಯಲ್ಲಿ ಆ ಸುದ್ದಿಗೆ ಯಾರೂ ಒಲೆ ಹಚ್ಚಿ ಸಿಹಿ ಮಾಡಲಿಲ್ಲ. ದಾಸಮ್ಮ ಬಂದ ಮೂರು ಮದುವೆ ಕರೆಯನ್ನೂ ವಾಪಸು ಕಳಿಸಿದಳು. "ಸುಳ್ಳಾಡಿದ ಬಾಯಲ್ಲಿ ಸೋಬಾನೆ ಹಾಡಿದ್ರೆ ಆ ಮನೆ ಬೆಳಗಲ್ಲ ಅಂತ ನಮ್ಮತ್ತೆ ಹೇಳ್ಕೊಟ್ಟಿದ್ಲು. ನಾನ್ಯಾಕೆ ಕಂಡೋರ ಮಕ್ಳ ಬಾಳು ಕೆಡುಸ್ಲಿ?" ಎಂದಳು, ಅಷ್ಟೇ. ಯಶೋಧರಾ ಗಂಡನಿಗೆ ತಟ್ಟೆ ಇಟ್ಟು ಒಂದೇ ಮಾತು ಹೇಳಿದಳು: "ನಿಮ್ಮ ಸಾಹೇಬರು ಫೋನಿನಲ್ಲಿದ್ದ ಹಾಡು ಅಳಿಸಿದರು. ನೀವು ಅತ್ತೆ ಗಂಟಲಲ್ಲಿದ್ದದ್ದನ್ನು ಅಳಿಸಿದಿರಿ." ಅವನು ಉಣ್ಣದೆ ಎದ್ದ.

ಆ ಭಾನುವಾರ ಹೊಳವನಹಳ್ಳಿಯಲ್ಲಿ ಮಾರಕ್ಕನ ಮಗಳ ಮದುವೆ. ಹೋಗದೆ ವಿಧಿಯಿಲ್ಲ, ಮಗ ಸೊಸೆಯೂ ಜೊತೆಗೆ ಹೋದರು. ದಾಸಮ್ಮ ಚಪ್ಪರದ ಮೂಲೆಯಲ್ಲಿ ಸೆರಗು ಹೊದ್ದು ಕೂತಳು. ಧಾರೆಯ ಹೊತ್ತಾಯಿತು. ವಾಲಗ ನಿಂತಿತು. ಸೋಬಾನೆ ಏಳಬೇಕಾದ ಗಳಿಗೆಯಲ್ಲಿ ಯಾರ ಬಾಯಿಂದಲೂ ಸ್ವರ ಏಳಲಿಲ್ಲ.

"ಏಳೇ ದಾಸಕ್ಕ," ಮಾರಕ್ಕ ಮೊಣಕಾಲೂರಿ ಬೇಡಿದಳು. "ಮೂವತ್ತೊರ್ಸದಿಂದ ಬರೀ ಹಿಂದ್ಲ ಸೊಲ್ಲೇ ಹೇಳ್ಕಂಡು ಬಂದೋಳು ನಾನು. ನೀನು ಮುಂದೆ ಹೇಳ್ದೆ ನಾನೆಂಗೆ ಹೇಳ್ಲಿ? ನನ್ ಮಗ್ಳಿಗೆ ಸೋಬಾನೆ ಇಲ್ದಂಗೆ ಧಾರೆ ಆಗ್ಬೇಕಾ?"

"ನನ್ನ ಬಾಯಿ ಕೆಟ್ಟೈತೆ ಕಣೆ ಮಾರಿ... ನಿನ್ ಮಗ್ಳು ನನಗೂ ಮಗ್ಳೇ. ಅದಕ್ಕೇ ಬ್ಯಾಡ ಅಂತಿರೋದು..."

ಗಂಡಿನ ಕಡೆಯ ಯಾರೋ ಗಟ್ಟಿಯಾಗಿಯೇ ಅಂದರು: "ಅಗೋ ನೋಡ್ರೋ, ಕಂಬದ ಹತ್ರ ನಿಂತವ್ನಲ್ಲ, ಆ ದನಿ ಇವಂದೇ ಕಣ್ರೋ."

ಇಡೀ ಚಪ್ಪರ ತಿರುಗಿ ಅಶ್ವತ್ಥನನ್ನು ನೋಡಿತು. ಅವನು ಓಡಿಹೋಗಬಹುದಿತ್ತು. ಒಂದು ಗಳಿಗೆ ಹಾಗೆಯೇ ಅನ್ನಿಸಿತೇನೋ, ಚಪ್ಪಲಿಯ ಕಡೆ ನೋಡಿದ. ಆಮೇಲೆ ನೇರವಾಗಿ ಹೆಂಡತಿಯ ಬಳಿಗೆ ಬಂದು ಫೋನು ಅವಳ ಕೈಗಿಟ್ಟ. "ಹಿಡಿ. ಎಲ್ರೂ ನೋಡೋ ಹಂಗೆ ಈಗ್ಲೇ ಬಿಡು," ಎಂದ. "ನನ್ನ ಹೆಸರು ಅಶ್ವತ್ಥ. ದಾಸಮ್ಮನ ಮಗ. ಆ ವಿಡಿಯೊದಲ್ಲಿ..."

ದಾಸಮ್ಮ ಎದ್ದು ಓಡಿ ಬಂದು ಅಂಗೈಯಿಂದ ಅವನ ಬಾಯಿ ಮುಚ್ಚಿದಳು. "ಬ್ಯಾಡ ಕಣೋ! ನಾಳೆ ಆರ್ಡರ್ ಕೊಡ್ತಾರಲ್ಲೋ! ಹೋಗಿದ್ದು ನನ್ನ ಬಾಯಿ, ಹೋಗ್ಲಿ ಬುಡೋ... ನಿನ್ನ ಅನ್ನ ಯಾಕೋ ಕಳ್ಕೊಂತೀಯ!"

ಅಶ್ವತ್ಥ ತಾಯಿಯ ಕೈಯನ್ನು ಮೆಲ್ಲಗೆ ತೆಗೆದ. ತೆಗೆದು ಬಿಡಲಿಲ್ಲ, ಹಿಡಿದುಕೊಂಡೇ ಹೇಳಿದ.

"ಆ ದನಿ ನನ್ನದು. ನಮ್ಮವ್ವ ಹಾಡಿದ್ದು ನಿಜ, ನಾನು ಹೇಳಿಸಿದ್ದು ಸುಳ್ಳು. ನಮ್ಮೂರಿಗೆ ನೀರು ಬಂದಿಲ್ಲ. ಕೆಲಸ ಹೋಗುತ್ತೆ ಅಂತ ಹೆದರಿಸಿದ್ರು, ನಾನು ಹೆದರಿದೆ. ಇದನ್ನೂ ಅಳಿಸ್ತಾರೆ. ಅಳಿಸೋಕೆ ಮುಂಚೆ ಕೇಳಿಸ್ಕೊಳ್ಳಿ, ನಮ್ಮವ್ವ ಸುಳ್ಳಿ ಅಲ್ಲ!"

ಚಪ್ಪರದಲ್ಲಿ ಒಂದು, ಹತ್ತು, ನೂರು ಫೋನುಗಳು ಮೇಲೆದ್ದವು. "ಎಷ್ಟು ಅಂತ ಅಳಿಸ್ತಾರೋ ಅಳಿಸ್ಲಿ!" ಎಂದು ಒಬ್ಬ ಮುದುಕ ಕೂಗಿದ. ಸೋಮವಾರ ಆ ಪಟ್ಟಿಯಲ್ಲಿ ಅಶ್ವತ್ಥನ ಹೆಸರು ಇರುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಇರಲೂ ಇಲ್ಲ.

ಅವನು ಅವ್ವನ ಕಾಲಿಗೆ ಬಿದ್ದ. "ಈಗ ಹಾಡವ್ವಾ... ನಿನ್ನ ಬಾಯಿ ಕೆಡಲಿಲ್ಲ ಕಣವ್ವಾ, ಕೆಟ್ಟಿದ್ದು ನಂದು!"

ದಾಸಮ್ಮ ಅವನನ್ನು ಎತ್ತಿ, ಸೆರಗಿನಿಂದ ಮುಖ ಒರೆಸಿದಳು. "ನೀನು ಈಗ ಹೇಳಿದ್ದು ನಿನ್ನ ತೊಳೀತು ಮಗಾ. ನಾನಾಡಿದ ಸುಳ್ಳು ನನ್ನ ಬಾಯಿಂದ್ಲೇ ಬಂದಿದ್ದಲ್ವಾ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ತಿರುಗಿ ಯಶೋಧರಾಳ ಭುಜ ಹಿಡಿದು ಹೆಂಗಸರ ಮುಂದಕ್ಕೆ ತಂದು ನಿಲ್ಲಿಸಿದಳು.

"ನೀನು ಹೇಳವ್ವಾ ಮುಂದ್ಲ ಸೊಲ್ಲ. ನಮ್ಮನೇಲಿ ಸುಳ್ಳಾಡದೆ ಉಳಿದ ಬಾಯಿ ನಿಂದೊಂದೇ."

ಯಶೋಧರಾಳಿಗೆ ರಾಗ ಬಾರದು. ಮೊದಲ ಸೊಲ್ಲು ಅಳುವಿನಲ್ಲಿ ತೊಡರಿ ಅಡ್ಡಾದಿಡ್ಡಿಯಾಗಿಯೇ ಹೊರಟಿತು. ಯಾರೂ ನಗಲಿಲ್ಲ. ದಾಸಮ್ಮ ಹಿಂದಿನ ಸಾಲಿಗೆ ಹೋಗಿ, ಮಾರಕ್ಕನ ಪಕ್ಕದಲ್ಲಿ ನಿಂತು, ಸೊಸೆ ಹೇಳಿದ್ದನ್ನು ಹೇಳತೊಡಗಿದಳು.