ನೀರು ಕುಡಿಯುವ ಕಂಪ್ಯೂಟರ್

“ಸುಳ್ಳು. ನೀರು ಓಡ್ತಾನೇ ಇಲ್ಲ,” ಎಂದ ನಿತೇಶ್. ಅವನ ಮೂಗು ಪ್ಲಾಸ್ಟಿಕ್ ಪೈಪಿಗೆ ಅಂಟಿಕೊಂಡಂತಿತ್ತು.

“ಓಡ್ತಿದೆ. ಸರಿಯಾಗಿ ನೋಡು,” ಎಂದಳು ವಿಂಧ್ಯಾ.

“ನೋಡ್ತಾ ಇದೀನಲ್ಲ. ಸುಮ್ನೆ ನಿಂತಿದೆ.”

ವಿಂಧ್ಯಾಳೂ ಬಗ್ಗಿ ನೋಡಿದಳು. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಪೈಪಿಗೂ ಬಣ್ಣವಿಲ್ಲ, ನೀರಿಗೂ ಬಣ್ಣವಿಲ್ಲ. ಓಡುವ ನೀರೋ ನಿಂತ ನೀರೋ, ಹೇಳುವುದು ಹೇಗೆ?

ಆ ಕಂಪ್ಯೂಟರ್ ಚಿಕ್ಕಿಯದು. ಚಿಕ್ಕಿ ಎಂದರೆ ಅಮ್ಮನ ತಂಗಿ ಕೃಪಾ. ವಿಂಧ್ಯಾಳ ಅಪ್ಪನಿಗೆ ದಾವಣಗೆರೆಯ ಬ್ಯಾಂಕಿನಿಂದ ವಡೋದರಾಕ್ಕೆ ವರ್ಗವಾದಾಗ ಚಿಕ್ಕಿಯೂ ಇಲ್ಲಿಗೇ ಓದಲು ಬಂದಿದ್ದಳು. ಫತೇಗಂಜ್‌ನ ಅವರ ಬಾಡಿಗೆ ಮನೆಯ ಹಿಂದಿನ ಕೋಣೆ ಅವಳದು. ಈಗ ಇಂಜಿನಿಯರಿಂಗ್ ಕೊನೆಯ ವರ್ಷ.

ಬೇರೆಯವರ ಕಂಪ್ಯೂಟರಿಗೆ ಫ್ಯಾನ್ ಗಾಳಿ ಬೀಸಿದರೆ ಸಾಕು. ಚಿಕ್ಕಿಯದಕ್ಕೆ ನೀರೇ ಬೇಕು. ಖಾರದ ಸೇವ್ ತುಂಬಿ ಬಂದಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು, ಅದರೊಳಗೆ ಮೀನಿನ ತೊಟ್ಟಿಯ ಪುಟ್ಟ ಪಂಪು. ಪಂಪು ತಳ್ಳಿದ ನೀರು ಪೈಪಿನಲ್ಲಿ ಹೋಗುತ್ತಿತ್ತು. ಕಂಪ್ಯೂಟರಿನ ದೊಡ್ಡ ಚಿಪ್ ಮೇಲೆ ತಾಮ್ರದ ಒಂದು ಬಿಲ್ಲೆ ಕೂತಿತ್ತು. ನೀರು ಅದರೊಳಗೆ ನುಗ್ಗಿ, ಬಿಸಿ ಹೊತ್ತುಕೊಂಡು, ಹಳೇ ಕಾರಿನ ರೇಡಿಯೇಟರಿಗೆ ಹೋಗಿ ತಣ್ಣಗಾಗಿ, ಮತ್ತೆ ಡಬ್ಬಿಗೆ ಬರುತ್ತಿತ್ತು. ಎಲ್ಲವನ್ನೂ ಚಿಕ್ಕಿಯೇ ಗುಜರಿಯಲ್ಲಿ ಹುಡುಕಿ ತಂದು ಜೋಡಿಸಿದ್ದಳು.

ಇವತ್ತು ಅದು ಬೆಳಗಿನಿಂದ ಒಂದು ಭಾರಿ ಲೆಕ್ಕ ಮಾಡುತ್ತಿತ್ತು. ಸೇತುವೆಗೆ ಬಿರುಗಾಳಿ ಬಡಿದರೆ ಏನಾಗುತ್ತದೆ ಎಂಬ ಲೆಕ್ಕ. ನಾಳೆ ಸೂರತ್‌ನಿಂದ ಎಕ್ಸಾಮಿನರ್ ಬರುತ್ತಾರೆ, ಅವರಿಗೆ ಉತ್ತರ ತೋರಿಸಬೇಕು. “ನೋಡಿ, ಆದ್ರೆ ಮುಟ್ಬೇಡಿ,” ಎಂದು ಹೇಳಿ ಚಿಕ್ಕಿ ಝೆರಾಕ್ಸ್ ಅಂಗಡಿಗೆ ಹೋಗಿದ್ದಳು.

“ನಮ್ಮನೆ ಬಾವಿ ಪೈಪಲ್ಲೂ ಹೀಗೇ ನಿಂತ ನೀರಿರತ್ತೆ,” ಎಂದ ನಿತೇಶ್. ಅವನು ಎದುರು ಮನೆಯ ಗುಜರಾತಿ ಹುಡುಗ, ಅವಳದೇ ಕ್ಲಾಸು; ಇವರ ಮನೆಯಲ್ಲೇ ಆಡಿ ಆಡಿ ಕನ್ನಡ ಕಲಿತಿದ್ದ. ಯಾವುದನ್ನೂ ಒಂದೇ ಸಲಕ್ಕೆ ನಂಬುವವನಲ್ಲ.

“ತಡಿ,” ಎಂದು ವಿಂಧ್ಯಾ ಅಡುಗೆಮನೆಗೆ ಓಡಿದಳು. ನೀರು ಕಾಣದಿದ್ದರೇನು, ನೀರಿನ ಜೊತೆ ಹೋಗುವುದು ಕಾಣಬಹುದಲ್ಲ? ಅಮ್ಮ ನಿದ್ದೆ ಮಾಡುತ್ತಿದ್ದಳು. ಸಾಸಿವೆ ಡಬ್ಬಿಯ ಹಿಂದೆ ಒಂದು ಬಾಟಲಿ ತುಂಬ ಸಣ್ಣ ಕರಿ ಕಾಳು. ಕರಿಎಳ್ಳು. ಒಂದು ಹಿಡಿ ತಂದು ಡಬ್ಬಿಯ ನೀರಿಗೆ ಸುರಿದಳು. ಮುಟ್ಟಬೇಡ ಎಂದಿದ್ದು ಕಂಪ್ಯೂಟರನ್ನು. ಡಬ್ಬಿಯನ್ನಲ್ಲ.

ಹೊರಟಿತಪ್ಪ ಮೆರವಣಿಗೆ. ಪಂಪಿನ ಬಾಯಿಂದ ಕರಿ ಚುಕ್ಕಿಗಳು ಸುಯ್ಯನೆ ಪೈಪಿಗೆ ನುಗ್ಗಿದವು. ತಿರುವಿನಲ್ಲಿ ಒಂದನ್ನೊಂದು ತಳ್ಳುತ್ತ, ಪಲ್ಟಿ ಹೊಡೆಯುತ್ತ ಓಡಿದವು.

“ಮುಂದಿರೋದು ನಂದು,” ಎಂದ ನಿತೇಶ್.

“ನಿಂದು ಹಿಂದಿರೋ ಕುಳ್ಳದು. ಮುಂದಿರೋದು ನಂದು.”

ಇಬ್ಬರೂ ಪೈಪಿನ ಉದ್ದಕ್ಕೂ ಅಂಬೆಗಾಲಿಟ್ಟು ಓಡಿದರು. ತಲೆಗೆ ತಲೆ ಡಿಕ್ಕಿ ಹೊಡೆಯಿತು. ನೋವಿನಲ್ಲೂ ನಗು ಬಂತು. “ಮಾನ್ಯೋ, ಒಪ್ಪಿದೆ. ಓಡ್ತಿದೆ,” ಎಂದು ನಿತೇಶ್ ಕೈಯೆತ್ತಿದ.

ಸ್ವಲ್ಪ ಹೊತ್ತಿಗೆ ಚುಕ್ಕಿಗಳು ಕಡಿಮೆಯಾದವು. ಆಮೇಲೆ ಒಂದೂ ಇಲ್ಲ.

“ಎಲ್ಲಿ ಹೋದವು?”

“ಸುಸ್ತಾಗಿ ಮಲಗಿರ್ಬೇಕು.”

ಅಷ್ಟರಲ್ಲಿ ಕಂಪ್ಯೂಟರ್ ಆಂಬ್ಯುಲೆನ್ಸಿನ ಹಾಗೆ ಕೂಗತೊಡಗಿತು. ಕೂಗಿ ಕೂಗಿ ತಟ್ಟನೆ ಸುಮ್ಮನಾಯಿತು. ಪರದೆ ಕಪ್ಪಾಯಿತು.

ಬಾಗಿಲಲ್ಲಿ ಚಿಕ್ಕಿ ನಿಂತಿದ್ದಳು. ಕಾಲಲ್ಲಿ ಇನ್ನೂ ಚಪ್ಪಲಿಯಿತ್ತು.

“ತಾನೇ ಬಂದ್ ಆಯ್ತು ಚಿಕ್ಕಿ,” ಎಂದಳು ವಿಂಧ್ಯಾ. ಅವಳ ಧ್ವನಿ ಸಣ್ಣದಾಗಿತ್ತು.

ಚಿಕ್ಕಿ ಬೈಯಲಿಲ್ಲ. ಕಂಪ್ಯೂಟರಿನ ಪ್ಲಗ್ ಕಿತ್ತಳು. ಪಂಪಿಗೆ ಕಿವಿಯಿಟ್ಟಳು. “ಗುಂಯ್ ಅಂತಿದೆ, ಇದು ಚೆನ್ನಾಗಿದೆ. ವಿಂಧ್ಯಾ, ರೇಡಿಯೇಟರ್ ಮುಟ್ಟಿ ನೋಡು.”

“ತಣ್ಣಗಿದೆ. ಒಳ್ಳೇದಲ್ವಾ?”

“ಅಲ್ಲ ಕಣೇ. ಈಗ ಈ ತಾಮ್ರ ಮುಟ್ಟು, ಹುಷಾರು.”

ವಿಂಧ್ಯಾ ಮುಟ್ಟಿದವಳೇ ಕೈ ಹಿಂದಕ್ಕೆಳೆದಳು. ಕಾದ ಕಾವಲಿ.

“ಇಲ್ಲಿರೋ ಬಿಸಿ ಅಲ್ಲಿಗೆ ಹೋಗ್ತಿಲ್ಲ. ದಾರೀಲಿ ನೀರಿಗೆ ಎಲ್ಲೋ ಅಡ್ಡ ಬಂದಿದೆ.”

ವಿಂಧ್ಯಾ ನೀರಿನ ಡಬ್ಬಿಯ ಕಡೆ ನೋಡಿದಳು. “ಚಿಕ್ಕಿ, ನಾನು...”

“ಗಾಳಿ ಗುಳ್ಳೆ ಇರ್ಬೇಕು. ಹಿಡೀರಿ ಇಬ್ರೂ,” ಎಂದು ಚಿಕ್ಕಿ ಪೆಟ್ಟಿಗೆಯ ಒಂದು ಬದಿ ಎತ್ತಿಯೇಬಿಟ್ಟಳು.

ಮೂವರೂ ಕಂಪ್ಯೂಟರನ್ನು ತೊಟ್ಟಿಲಿನಂತೆ ಆ ಕಡೆ ಈ ಕಡೆ ತೂಗಿದರು. ನಿತೇಶ್ ಗುಜರಾತಿಯಲ್ಲಿ ಜೋಗುಳವನ್ನೇ ಶುರುಮಾಡಿದ. ಗುಳ್ಳೆ ಬರಲಿಲ್ಲ.

ಚಿಕ್ಕಿ ಪಂಪು ನಿಲ್ಲಿಸಿ ಪೈಪು ಬಿಚ್ಚಿದಳು. “ಒಂದೊಂದನ್ನೇ ಊದಿ ನೋಡೋಣ. ಗಾಳಿ ಹೋಗದೇ ಇದ್ದದ್ದೇ ಕಳ್ಳ.” ರೇಡಿಯೇಟರ್ ನಿತೇಶನ ಪಾಲಿಗೆ ಬಂತು. ಅವನು ಎದೆಯುಬ್ಬಿಸಿ ಜೋರಾಗಿ ಊದಿದ. ಒಳಗಿದ್ದ ನೀರೆಲ್ಲ ಆ ತುದಿಯಿಂದ ಚಿಮ್ಮಿ, ಸದ್ದು ಕೇಳಿ ಎದ್ದು ಬಂದ ಅಮ್ಮನ ಮುಖಕ್ಕೇ ಹೊಡೆಯಿತು.

“ರೇಡಿಯೇಟರ್ ಕ್ಲಿಯರ್,” ಎಂದ ನಿತೇಶ್, ಮೆಲ್ಲಗೆ.

ಪೈಪುಗಳೂ ಕ್ಲಿಯರ್. ತಾಮ್ರದ ಬಿಲ್ಲೆ ಮಾತ್ರ ಉಳಿಯಿತು. ಚಿಕ್ಕಿ ಊದಿದಳು. ಕೆನ್ನೆ ಪೂರಿಯಂತೆ ಉಬ್ಬಿತೇ ಹೊರತು ಗಾಳಿ ಹೋಗಲಿಲ್ಲ. ಸ್ಕ್ರೂ ತೆಗೆದು ಮುಚ್ಚಳ ಎಬ್ಬಿಸಿದಳು.

ಒಳಗಿನ ಸಣ್ಣ ಸಣ್ಣ ಕಾಲುವೆಗಳ ತುಂಬ ಲೋಳೆ ಗೋಲಿಗಳು. ಪ್ರತಿಯೊಂದರ ನಡುವೆ ಒಂದು ಕರಿ ಚುಕ್ಕಿ.

ಎಲ್ಲರೂ ಬಗ್ಗಿ ನೋಡಿದರು. ನಿತೇಶ್ ಗಂಭೀರವಾಗಿ ಹೇಳಿದ, “ಫಾಲೂದಾ.”

“ಇದು ನನ್ನ ಕಾಮಕಸ್ತೂರಿ ಬೀಜ,” ಎಂದಳು ಅಮ್ಮ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ. “ಶರಬತ್ತಿಗೆ ಅಂತ ತಂದಿಟ್ಟಿದ್ದೆ. ನೆನೆದ್ರೆ ಹೀಗೇ ಉಬ್ಬತ್ತೆ. ಇದ್ಯಾಕೆ ಇಲ್ಲಿಗೆ ಬಂತು?”

“ಎಳ್ಳು ಅಂದ್ಕೊಂಡೆ,” ಎಂದಳು ವಿಂಧ್ಯಾ. ಕಣ್ಣು ತುಂಬಿ ಬಿಲ್ಲೆ ಎರಡೆರಡಾಗಿ ಕಂಡಿತು. “ನೀರು ಓಡೋದು ನಿತೇಶ್‌ಗೆ ಕಾಣ್ಲಿ ಅಂತ ಹಾಕ್ದೆ.”

ಚಿಕ್ಕಿ ಬಿಲ್ಲೆಯನ್ನು ನೋಡಿದಳು. ಗೋಡೆ ಗಡಿಯಾರ ನೋಡಿದಳು. ವಿಂಧ್ಯಾಳ ಮುಖ ನೋಡಿದಳು. ಆಮೇಲೆ ನಗತೊಡಗಿದಳು. ಅದೇನು ನಗು ಅಂತೀರಿ, ಗೋಡೆಗೊರಗಿ ಜಾರುತ್ತ ಜಾರುತ್ತ ನೆಲಕ್ಕೇ ಕೂತಳು.

“ನಾಳೆ ಏನ್ ಹೇಳ್ಲಿ ನಾನು? ಸಾರ್, ಕಂಪ್ಯೂಟರ್ ಫಾಲೂದಾ ತಿಂದು ಅಜೀರ್ಣ ಮಾಡ್ಕೊಂಡಿತ್ತು ಅಂತ್ಲಾ?”

ಬೈಯಲು ಬಾಯಿ ತೆರೆದ ಅಮ್ಮನಿಗೂ ನಗು ಬಂತು. ನಿತೇಶ್ ಹೊಟ್ಟೆ ಹಿಡಿದುಕೊಂಡ. ವಿಂಧ್ಯಾ ಅಳುತ್ತಲೇ ನಕ್ಕಳು, ನಗುತ್ತಲೇ ಬಿಕ್ಕಳಿಸಿದಳು.

ಬಚ್ಚಲುಮನೆ ವರ್ಕ್‌ಶಾಪ್ ಆಯಿತು. ವಿಂಧ್ಯಾ ಹಳೇ ಟೂತ್‌ಬ್ರಶ್‌ನಿಂದ ಬಿಲ್ಲೆ ಉಜ್ಜಿದಳು. ಅಮ್ಮ ಸೂಜಿಯಿಂದ ಕಾಲುವೆ ಕೆದಕಿದಳು. ನಿತೇಶ್ ಪಂಪಿನ ಬಾಯಿಗೆ ಅಂಟಿದ್ದ ಲೋಳೆಯನ್ನು ತೆಗೆದರೆ ಅದು ಬೆರಳಿನಿಂದ ಬೆರಳಿಗೆ ಜಾರಿ ಅವನ ಕೂದಲು ಸೇರಿತು. ಮತ್ತೆ ಎಲ್ಲ ಜೋಡಿಸಿ, ಹೊಸ ನೀರು ತುಂಬಿದರು. ಪೈಪು ಗುಳುಗುಳು ಎಂದು ಗುಳ್ಳೆ ಕಕ್ಕಿ ಶಾಂತವಾಯಿತು.

ಚಿಕ್ಕಿ ಸ್ವಿಚ್ ಒತ್ತಿದಳು. ಪರದೆಯ ಮೂಲೆಯಲ್ಲಿ ಬಿಸಿಯ ಅಂಕಿ ಕಾಣಿಸಿತು. ನಿತೇಶ್ ಕ್ರಿಕೆಟ್ ಕಾಮೆಂಟರಿಯವರಂತೆ ಓದಿದ. “ಮೂವತ್ತೆಂಟು. ನಲವತ್ತೇಳು. ಐವತ್ತೊಂದು. ಅಲ್ಲೇ ನಿಂತಿದೆ, ನೋಡಿ, ಅಲ್ಲೇ ನಿಂತಿದೆ.”

“ಅರ್ಧ ಲೆಕ್ಕ ಸೇವ್ ಆಗಿದೆ,” ಎಂದಳು ಚಿಕ್ಕಿ. “ಉಳಿದದ್ದು ಸಂಜೆಯೊಳಗೆ ಆದ್ರೆ ಆಯ್ತು.”

ಪರದೆಯ ಮೇಲೆ ಹಸಿರು ಪಟ್ಟಿ ಇರುವೆಯಂತೆ ತೆವಳಿತು. ಅದನ್ನೇ ನೋಡುತ್ತ ಮಕ್ಕಳು ಹಪ್ಪಳದಂಥ ಖಾಖ್ರಾ ತಿಂದರು. ಬಿಸಿಲು ಇಳಿದು ಬೀದಿಯಲ್ಲಿ ತರಕಾರಿ ಗಾಡಿಗಳು ಬರುವ ಹೊತ್ತಿಗೆ ಪಟ್ಟಿ ತುಂಬಿತು. ಬಣ್ಣ ಬಣ್ಣದ ಸೇತುವೆಯೊಂದು ಪರದೆಯಲ್ಲಿ ಮೂಡಿತು.

ನಿತೇಶ್ ಚಪ್ಪಾಳೆ ತಟ್ಟಿ ಗರ್ಬಾ ಶುರುಮಾಡಿದ. ಅಮ್ಮನೂ ಸೇರಿದಳು. ಕೋಣೆ ತಿರುಗುವಷ್ಟು ವಿಂಧ್ಯಾ ತಿರುಗಿದಳು. ನಿಂತಾಗ ನೋಡಿದರೆ ಚಿಕ್ಕಿ ಅಲ್ಲಿರಲಿಲ್ಲ.

ಅವಳು ಬಾಲ್ಕನಿಯಲ್ಲಿದ್ದಳು, ಒಬ್ಬಳೇ. ಕೈಯಲ್ಲಿ ಸ್ಟೀಲ್ ಲೋಟ. ಕುಡಿಯಲೆಂದು ಎತ್ತಿದಾಗ ಅದು ಹಲ್ಲಿಗೆ ತಾಗಿ ಟಣಟಣ ಎಂದಿತು. ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಟಣಟಣ. ಕೈ ನಡುಗುತ್ತಿತ್ತು. ನೀರು ಮೊಣಕೈವರೆಗೂ ಇಳಿಯುತ್ತಿತ್ತು.

ವಿಂಧ್ಯಾ ಬಾಗಿಲ ಹತ್ತಿರ ನಿಂತೇಬಿಟ್ಟಳು. ಮಧ್ಯಾಹ್ನ ಎಲ್ಲರಿಗಿಂತ ಜೋರಾಗಿ ನಕ್ಕವಳು ಚಿಕ್ಕಿ. ಆಗಲೂ ಈ ಕೈ ಹೀಗೇ ಇತ್ತೇನೋ.

ಅವಳು ಹತ್ತಿರ ಹೋದಳು. ಸಾರಿ ಎನ್ನಬೇಕೆಂದುಕೊಂಡಿದ್ದಳು. ತನ್ನ ಎರಡೂ ಕೈಯಿಂದ ಲೋಟದ ತಳ ಹಿಡಿದಳು.

ಚಿಕ್ಕಿ ಅವಳನ್ನೊಮ್ಮೆ ನೋಡಿ, ಮೆಲ್ಲಗೆ ಬಗ್ಗಿ, ಪೂರ್ತಿ ಕುಡಿದಳು.